ಒಪ್ಪಂದ ಇದ್ದರೂ ನದಿ ನೀರಿಗೆ ಜಗಳ ಯಾಕೆ?

ಸಹಿ ಹಾಕಿದ ಒಪ್ಪಂದ ಇದ್ದ ಮೇಲೂ ನದಿ ಹಂಚಿಕೊಂಡವರು ಯಾಕೆ ಕಿತ್ತಾಡುತ್ತಾರೆ ಅಂತ ಕೇಳಿದ್ದೀರಿ. ನನಗನಿಸುವಂತೆ ಎಷ್ಟೋ ಸಲ ತಪ್ಪು ಒಪ್ಪಂದದ ಒಳಗೇ ಇರುತ್ತದೆ.

ಅಮೆರಿಕದ ಕೊಲರಾಡೊ ನದಿಯನ್ನೇ ನೋಡಿ. 1922ರಲ್ಲಿ ಮೇಲಿನ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ (ಒಂದು ಎಕರೆ ಜಾಗದಲ್ಲಿ ಒಂದಡಿ ಎತ್ತರ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ), ಕೆಳಗಿನವಕ್ಕೂ ಅಷ್ಟೇ ಅಂತ ಒಪ್ಪಂದದಲ್ಲಿ ಬರೆದರು. ಲೆಕ್ಕ ಹಾಕಿದ್ದು ನೀರು ಜಾಸ್ತಿ ಹರಿದ ವರ್ಷಗಳನ್ನು ನೋಡಿ. 1944ರಲ್ಲಿ ಮೆಕ್ಸಿಕೊದ ಪಾಲು 15 ಲಕ್ಷವೂ ಸೇರಿತು. ನದಿಯಲ್ಲಿ ಅಷ್ಟು ನೀರೇ ಇಲ್ಲ! ಈ ನದಿಗೆ ಅಣೆಕಟ್ಟು ಕಟ್ಟಿ ಮಾಡಿದ ಮೀಡ್ ಸರೋವರದ ಬಂಡೆಗಳ ಮೇಲೆ ನೀರು ಇಳಿದ ಗುರುತು ಅಗಲವಾದ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಬರ ಬಂದಾಗ ಯಾರು ಎಷ್ಟು ಬಿಟ್ಟುಕೊಡಬೇಕು ಅನ್ನೋದನ್ನು ಎಷ್ಟೋ ದಶಕ ಕಳೆದ ಮೇಲೆ ಚೌಕಾಸಿ ಮಾಡಬೇಕಾಯಿತು.

ಕೆಲವು ಕಡೆ ಎಲ್ಲರೂ ಒಳಗೆ ಸೇರುವುದೇ ಇಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಗೆ 1995ರಲ್ಲಿ ಆದ ಆಯೋಗದಲ್ಲಿ ನಾಲ್ಕು ದೇಶಗಳಿವೆ. ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿರುವ ಚೀನಾ ಸದಸ್ಯನಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಗೆ ಮಾಲಿ, ಮಾರಿಟೇನಿಯಾ, ಸೆನೆಗಲ್ ಸೇರಿ 1972ರಲ್ಲಿ ಒಂದು ಸಂಸ್ಥೆ ಕಟ್ಟಿದವು. ಮನಂತಾಲಿ ಅಣೆಕಟ್ಟು ಇರುವುದು ಮಾಲಿಯಲ್ಲಿ, ಒಡೆತನ ಎಲ್ಲರದ್ದು. ಅದರ ಕರೆಂಟನ್ನೂ ಹಂಚಿಕೊಳ್ಳುತ್ತಾರೆ. ನನಗೆ ತುಂಬಾ ಇಷ್ಟವಾದ ಮಾದರಿ ಇದು.

ಯಾವುದೇ ಒಪ್ಪಂದ ಓದುವಾಗ ಮೊದಲು ಬರದ ವರ್ಷಕ್ಕೆ ಏನು ಬರೆದಿದ್ದಾರೆ ಅಂತ ಹುಡುಕಿ.