ನೋವು ನುಂಗಲು ಕಲಿತವರ ನೋವು: ಕ್ರೀಡಾಪಟುಗಳ ಪ್ರಶ್ನೆಗಳಿಗೆ ಮನೋವೈದ್ಯರ ಉತ್ತರ

ಕ್ರೀಡಾಪಟುಗಳ ಮನಸ್ಸಿನ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಬರೆದವರು ಬೇರೆ ಬೇರೆಯಾದರೂ ಎಲ್ಲರ ಮಾತಿನಲ್ಲೂ ಒಂದು ಸಂಗತಿ ಕಾಣುತ್ತದೆ. ನೋವಾದರೂ ಮುಖದಲ್ಲಿ ತೋರಿಸಬಾರದು ಎಂದು ಆಟ ಕಲಿಸುತ್ತದೆ. ಆ ಪಾಠ ಕೊನೆಯ ಸುತ್ತಿನಲ್ಲಿ ಗೆಲ್ಲಿಸಬಹುದು. ಕಾಯಿಲೆ ಬಂದಾಗ ಅದೇ ಪಾಠ ಬಾಯಿ ಕಟ್ಟಿಹಾಕುತ್ತದೆ.

ಹದಿನೈದು ವರ್ಷ ಈಜೇ ನನ್ನ ಬದುಕಾಗಿತ್ತು. ಭುಜದ ಗಾಯದಿಂದ ಎರಡು ವರ್ಷದ ಹಿಂದೆ ಬಿಡಬೇಕಾಯಿತು. ಈಗ ಒಳ್ಳೆಯ ಕೆಲಸವಿದೆ, ಮನೆಯವರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೂ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಏಳಲು ಕಾರಣವೇ ಇಲ್ಲ ಅನ್ನಿಸುತ್ತದೆ. ಟಿವಿಯಲ್ಲಿ ಈಜು ಬಂದರೆ ಎದ್ದು ಹೋಗುತ್ತೇನೆ. ಹೊಸಬರು "ಏನು ಮಾಡ್ತಿದ್ದೀರಿ" ಎಂದು ಕೇಳಿದರೆ ಗಂಟಲು ಕಟ್ಟುತ್ತದೆ. ಇದು ಅಹಂಕಾರವೇ, ಡಾಕ್ಟರೇ? — ಮಾಜಿ ಈಜುಗಾರ, 33

ಅಹಂಕಾರ ಖಂಡಿತ ಅಲ್ಲ. ನೀವು ಶೋಕದಲ್ಲಿದ್ದೀರಿ. ಸತ್ತವರು ಯಾರೂ ಇಲ್ಲದ ಕಾರಣ ಅದು ಶೋಕವೆಂದು ಯಾರಿಗೂ ಹೊಳೆದಿಲ್ಲ, ನಿಮಗೂ ಹೊಳೆದಿಲ್ಲ.

ಭುಜಕ್ಕೆ ಪೆಟ್ಟಾದಾಗ ನೀವು ಕಳೆದುಕೊಂಡಿದ್ದೇನು ಎಂದು ಒಮ್ಮೆ ಎಣಿಸಿ ನೋಡಿ. ಯಾವಾಗ ಏಳಬೇಕು, ಏನು ತಿನ್ನಬೇಕು, ಎಷ್ಟು ಹೊತ್ತು ಮಲಗಬೇಕು ಎಂಬುದನ್ನೆಲ್ಲ ನಿಮ್ಮ ಪರವಾಗಿ ನಿರ್ಧರಿಸುತ್ತಿದ್ದ ದಿನಚರಿ ಹೋಯಿತು. ವರ್ಷಕ್ಕೆ ಮುನ್ನೂರು ದಿನ ಜೊತೆಗಿದ್ದ ಗೆಳೆಯರು ಹೋದರು. ಇಂದು ಚೆನ್ನಾಗಿ ಮಾಡಿದೆನೋ ಇಲ್ಲವೋ ಎಂದು ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳುತ್ತಿದ್ದ ಗಡಿಯಾರ ಹೋಯಿತು. ಕಚೇರಿಯ ಕೆಲಸ ಅಂಥ ಉತ್ತರವನ್ನು ಎಂದೂ ಕೊಡುವುದಿಲ್ಲ. ದೇಹವೂ ಬದಲಾಯಿತು. ನಿಯಮಿತವಾಗಿ ಕಠಿಣ ವ್ಯಾಯಾಮ ಮಾಡುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ವಾರ, ಎರಡು ವಾರಗಳಲ್ಲೇ ಮನಸ್ಸು ಕುಗ್ಗುವುದುಂಟು, ನಿದ್ದೆ ಕೆಡುವುದುಂಟು. ಕ್ರೀಡಾವೈದ್ಯರು ತರಬೇತಿಯನ್ನು ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸಲು ಹೇಳುವುದು ಇದಕ್ಕೇ. ಗಾಯವಾದವರಿಗೆ ಆ ಅವಕಾಶವೇ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ "ನಾನು ಯಾರು" ಎಂಬುದರದ್ದು. ಒಬ್ಬ ವ್ಯಕ್ತಿ ತನ್ನನ್ನು ಎಷ್ಟರಮಟ್ಟಿಗೆ ಕ್ರೀಡಾಪಟು ಎಂದು ಮಾತ್ರ ಕಾಣುತ್ತಾನೆ ಎಂಬುದನ್ನು ಅಳೆಯಲು 1993ರಲ್ಲೇ ಬ್ರೂವರ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ರೂಪಿಸಿದರು. ಆಡುವ ದಿನಗಳಲ್ಲಿ ಈ ಗುರುತು ಗಟ್ಟಿಯಾಗಿದ್ದಷ್ಟೂ ಶ್ರದ್ಧೆ ಹೆಚ್ಚು. ಬಿಡುವ ದಿನ ಬಂದಾಗ ಅದೇ ತಿರುಗಿ ಹೊಡೆಯುತ್ತದೆ. ತಾವಾಗಿಯೇ ದಿನ ಗೊತ್ತುಮಾಡಿಕೊಂಡು ನಿವೃತ್ತರಾದವರಿಗಿಂತ ಗಾಯದಿಂದಲೋ ಆಯ್ಕೆಯಾಗದೆಯೋ ಬಿಟ್ಟವರಿಗೆ ಹೊಸ ಬದುಕು ಹೆಚ್ಚು ಕಷ್ಟವಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ನಿಮ್ಮದು ಎರಡನೆಯ ಗುಂಪು. ನೀವು ಒಬ್ಬರೇ ಅಲ್ಲ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಡುತ್ತಿರುವ ಉನ್ನತ ಮಟ್ಟದ ಕ್ರೀಡಾಪಟುಗಳಲ್ಲಿ ಶೇ 34ರಷ್ಟು, ನಿವೃತ್ತರಲ್ಲಿ ಶೇ 26ರಷ್ಟು ಮಂದಿಯಲ್ಲಿ ಆತಂಕ ಅಥವಾ ಖಿನ್ನತೆಯ ಲಕ್ಷಣಗಳಿದ್ದವು. ಲಕ್ಷಣವಿದ್ದವರಿಗೆಲ್ಲ ಕಾಯಿಲೆ ಇದೆ ಎಂದು ಅರ್ಥವಲ್ಲ. ಆದರೆ ಕೇಳಿ ನೋಡಬೇಕಾದಷ್ಟು ದೊಡ್ಡ ಸಂಖ್ಯೆ ಇದು.

ಈಗ ನಿಮ್ಮನ್ನು ನೇರವಾಗಿ ಕೇಳುತ್ತೇನೆ. "ಏಳಲು ಕಾರಣವೇ ಇಲ್ಲ" ಎಂದಿರಿ. ಅದು ಹಾಸಿಗೆಯಿಂದ ಏಳುವ ಮಾತೋ, ಬದುಕಿರುವ ಮಾತೋ? ಎರಡನೆಯದಾದರೆ ಈ ಅಂಕಣ ಓದಿ ಮುಗಿಸುವವರೆಗೂ ಕಾಯಬೇಡಿ. ಮನೆಯಲ್ಲಿ ಯಾರಿಗಾದರೂ ಈಗಲೇ ಹೇಳಿ, ಸಹಾಯವಾಣಿಗೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೊದಲನೆಯದೇ ಆದರೂ ಈ ತಿಂಗಳಲ್ಲೇ ಮನೋವೈದ್ಯರನ್ನು ನೋಡಿ. ನಾಲ್ಕೂವರೆಗೆ ಎಚ್ಚರವಾಗುವುದು ಈಜುಗಾರನ ಹಳೆಯ ಅಭ್ಯಾಸ ಇರಬಹುದು, ಆದರೆ ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು ಖಿನ್ನತೆಯ ಲಕ್ಷಣವೂ ಹೌದು. ಎದುರಿಗೆ ಕೂತು ಮಾತಾಡದೆ ಯಾವುದೆಂದು ಹೇಳಲಾಗದು.

ಜೊತೆಗೆ ಎರಡು ಮಾತು. ಗೆಳೆಯರು "ಕೋಚ್ ಆಗು" ಎನ್ನುತ್ತಿರಬಹುದು. ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಕೊಳದ ದಂಡೆಯಲ್ಲಿ ನಿಂತು ಇನ್ನೊಬ್ಬರ ಸಮಯ ಬರೆದುಕೊಳ್ಳುವುದು, ಗಾಯ ಮಾಯುವ ಮುನ್ನ, ದಿನವೂ ಅದನ್ನು ಕೆದಕಿದಂತೆ ಆಗಬಹುದು. ಎರಡನೆಯದು, ನೀವು ಎಂದೂ ಕಲಿಯದ ಯಾವುದಾದರೂ ದೈಹಿಕ ಚಟುವಟಿಕೆಗೆ ಸೇರಿ. ಗುಡ್ಡ ಹತ್ತುವುದೋ ಸೈಕಲ್ ತುಳಿಯುವುದೋ, ಯಾವುದಾದರೂ ಸರಿ, ಗಡಿಯಾರ ಮಾತ್ರ ಬೇಡ. ಅಲ್ಲಿ ನೀವು ಸಾಧಾರಣವಾಗಿಯೇ ಇರುತ್ತೀರಿ. ಸಾಧಾರಣವಾಗಿದ್ದೂ ನಾಲ್ಕು ಜನರ ಜೊತೆ ನಗಬಹುದು ಎಂಬ ಅನುಭವ ನಿಮಗೆ ಈಜೇ ಬದುಕಾದ ಮೇಲೆ ಸಿಕ್ಕೇ ಇಲ್ಲವೇನೋ.

ನನ್ನ ಪತಿ ಕಳೆದ ವರ್ಷ ದೊಡ್ಡ ಕೂಟದಲ್ಲಿ ಚಿನ್ನ ಗೆದ್ದರು. ಸನ್ಮಾನಗಳು ಮುಗಿದ ಮೇಲೆ ಮಾತೇ ಕಡಿಮೆ. ಪದಕವನ್ನು ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಾರೆ. ರಾತ್ರಿ ಕುಡಿಯುವುದು ಶುರುವಾಗಿದೆ. ಬಯಸಿದ್ದೆಲ್ಲ ಸಿಕ್ಕಿದ ಮೇಲೆ ಹೀಗೇಕೆ? — ಒಬ್ಬ ಗೃಹಿಣಿ

ಬಯಸಿದ್ದು ಸಿಕ್ಕಿದ್ದರಿಂದಲೇ ಹೀಗಾಗಬಹುದು. ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಗೆದ್ದವರು. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೂ ಖಿನ್ನತೆಗೆ ಜಾರುತ್ತಿದ್ದೆ, 2012ರ ನಂತರ ಬದುಕುವುದೇ ಬೇಡ ಎನ್ನಿಸಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. 2014ರಲ್ಲಿ ಕುಡಿದು ಕಾರು ಓಡಿಸಿ ಬಂಧನಕ್ಕೊಳಗಾದರು, ಆಮೇಲೆ ಚಿಕಿತ್ಸಾ ಕೇಂದ್ರಕ್ಕೆ ಸೇರಿದರು. 2008ರ ಬೀಜಿಂಗ್‌ನಲ್ಲಿ ಶೂಟಿಂಗ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಕೂಡ ಗೆಲುವಿನ ನಂತರದ ಶೂನ್ಯದ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾರೆ. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ ತಮ್ಮ ಖಿನ್ನತೆಯ ದಿನಗಳನ್ನು ಲೆಕ್ಕ ಹಾಕುವುದು 2018ರ ಯುಎಸ್ ಓಪನ್‌ನಿಂದ. ಅದು ಅವರು ಮೊದಲ ಗ್ರ್ಯಾಂಡ್ ಸ್ಲಾಂ ಗೆದ್ದ ಟೂರ್ನಿ.

ವರ್ಷಾನುಗಟ್ಟಲೆ ಒಂದೇ ದಿನಾಂಕದತ್ತ ನಡೆದವರಿಗೆ ಅದರ ಮರುದಿನದ ಯೋಜನೆ ಇರುವುದಿಲ್ಲ. "ಗೆದ್ದರೆ ಒಳಗಿನ ಕೊರತೆಯೆಲ್ಲ ತುಂಬುತ್ತದೆ" ಎಂದು ನಂಬಿ ದಣಿದವರಿಗೆ, ಗೆದ್ದ ಮೇಲೂ ಕೊರತೆ ಅಲ್ಲೇ ಇರುವುದು ಸೋಲಿಗಿಂತ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಸೋತವರು ಅತ್ತರೆ ಜನ ಸಮಾಧಾನ ಮಾಡುತ್ತಾರೆ, ಗೆದ್ದವರು ಅಳಲೂ ಆಗುವುದಿಲ್ಲ.

"ಇಷ್ಟೆಲ್ಲ ಸಿಕ್ಕಿದೆಯಲ್ಲ" ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಯಾರೂ ಆಡಬೇಡಿ. "ರಾತ್ರಿ ಹೊತ್ತು ತುಂಬಾ ಕಷ್ಟ ಆಗ್ತಿದೆಯಾ?" ಎಂದು ಕೇಳಿ, ಉತ್ತರ ಬರುವವರೆಗೂ ಸುಮ್ಮನೆ ಕೂತಿರಿ. ಕುಡಿತವನ್ನು ಹಗುರವಾಗಿ ನೋಡಬೇಡಿ. ಮದ್ಯ ಖಿನ್ನತೆಯನ್ನು ಹೆಚ್ಚಿಸುತ್ತದೆ, ದುಡುಕುವ ಅಪಾಯವನ್ನೂ ಹೆಚ್ಚಿಸುತ್ತದೆ. ವೈದ್ಯರ ಬಳಿ ನೀವೂ ಜೊತೆಗೆ ಹೋಗಿ. ಚಿಕಿತ್ಸೆ ಪಡೆದ ಫೆಲ್ಪ್ಸ್ 2016ರಲ್ಲಿ ಮರಳಿ ಬಂದು ಐದು ಚಿನ್ನ ಗೆದ್ದರು. ನಿಮ್ಮ ಪತಿ ಇನ್ನೊಮ್ಮೆ ಗೆಲ್ಲಲಿ ಎಂದು ಇದನ್ನು ಹೇಳುತ್ತಿಲ್ಲ. ಚಿಕಿತ್ಸೆಗೆ ಹೋದರೆ ಆಟ ಮುಗಿಯಿತು ಎಂಬ ಭಯ ಅವರಿಗಿದ್ದರೆ ಅದಕ್ಕೆ ಉತ್ತರವಾಗಿ ಹೇಳುತ್ತಿದ್ದೇನೆ.

ನಾನು ಬಿಲ್ಲುಗಾರ್ತಿ. ಖಿನ್ನತೆಗೆ ಮಾತ್ರೆ ಬರೆದುಕೊಟ್ಟಿದ್ದಾರೆ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಹೆದರಿಕೆಯಿಂದ ತೆಗೆದುಕೊಂಡಿಲ್ಲ. — 24

ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್, ಫ್ಲೂಕ್ಸೆಟಿನ್ ಮಾತ್ರೆಗಳು ಡೋಪಿಂಗ್ ತಡೆಯುವ ವಿಶ್ವ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ನೀವು ಬಿಲ್ಲುಗಾರ್ತಿಯಾದ್ದರಿಂದ ಒಂದು ಎಚ್ಚರಿಕೆ ಬಹಳ ಮುಖ್ಯ. ಕೈ ನಡುಕ, ಎದೆಬಡಿತಕ್ಕೆಂದು ಆತಂಕದವರಿಗೆ ಪ್ರೊಪ್ರಾನೊಲಾಲ್ ಬರೆಯುವುದುಂಟು. ಅದು ಬೀಟಾ ಬ್ಲಾಕರ್, ಅಂದರೆ ಎದೆಬಡಿತವನ್ನು ನಿಧಾನಗೊಳಿಸುವ ಔಷಧ. ಬಿಲ್ಲುಗಾರಿಕೆ ಮತ್ತು ಶೂಟಿಂಗ್‌ನಲ್ಲಿ ಸ್ಪರ್ಧೆಯ ಸಮಯದಲ್ಲೂ ಅದರ ಹೊರಗೂ ನಿಷಿದ್ಧ. ಗಮನ ಕೊರತೆಯ ತೊಂದರೆಗೆ (ಎಡಿಎಚ್‌ಡಿ) ಕೊಡುವ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ, ನಿಜವಾಗಿ ಬೇಕಿದ್ದವರು ಚಿಕಿತ್ಸೆಗಾಗಿ ವಿನಾಯಿತಿ ಕೋರಿ ಅರ್ಜಿ ಹಾಕಬಹುದು. ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ. ಚೀಟಿಯನ್ನು ನಿಮ್ಮ ತಂಡದ ವೈದ್ಯರಿಗೆ ತೋರಿಸಿ, ಮಾತ್ರೆ ಶುರುಮಾಡಿ. ಶುರುಮಾಡಿದ ಮೇಲೆ ಟೂರ್ನಿ ಹತ್ತಿರ ಬಂತೆಂದು ನೀವಾಗಿಯೇ ನಿಲ್ಲಿಸಬೇಡಿ.

ಇಪ್ಪತ್ತು ವರ್ಷದಿಂದ ಬ್ಯಾಡ್ಮಿಂಟನ್ ಕೋಚ್ ನಾನು. ಈಗಿನ ಮಕ್ಕಳು ಸ್ವಲ್ಪ ಒತ್ತಡವಾದರೂ "ಮೆಂಟಲ್ ಹೆಲ್ತ್" ಅನ್ನುತ್ತಾರೆ, ಬ್ರೇಕ್ ಕೇಳುತ್ತಾರೆ. ಎಲ್ಲದಕ್ಕೂ ಹೂಂ ಅಂದರೆ ಗಟ್ಟಿತನ ಬರುವುದು ಹೇಗೆ, ಸಾರ್?

ನಿಮ್ಮ ಪ್ರಶ್ನೆಯಲ್ಲಿ ಕಾಳಜಿಯೂ ಇದೆ ಎಂದು ನಂಬಿಯೇ ಉತ್ತರಿಸುತ್ತಿದ್ದೇನೆ. ಒತ್ತಡ ತಾಳುವುದನ್ನು ಕಲಿಸಲೇಬೇಕು. ಪಂದ್ಯಕ್ಕೆ ಮುಂಚಿನ ಹೊಟ್ಟೆ ತೊಳಸುವಿಕೆ, ಸೋತ ರಾತ್ರಿಯ ಅಳು ಕಾಯಿಲೆಯಲ್ಲ. ಅವು ಬಂದು ಹೋಗುತ್ತವೆ. ಹೋಗದೆ ಎರಡು ವಾರ ಉಳಿದರೆ, ನಿದ್ದೆ, ಊಟ, ಓದು ಕೆಟ್ಟರೆ, ಇಷ್ಟದ ಆಟವೇ ಬೇಡವಾದರೆ, ಆಗ ಗಟ್ಟಿತನದ ಪಾಠ ಕೆಲಸಕ್ಕೆ ಬಾರದು.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ತಂಡ ಫೈನಲ್‌ನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಾಲ್ಟ್ (ಓಡಿಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ಚಿಮ್ಮುವುದು) ಮಾಡುವಾಗ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಬೇಕಿತ್ತು, ಒಂದೂವರೆಗೇ ನಿಂತರು. ದೇಹ ಎತ್ತ ತಿರುಗಿದೆ, ನೆಲ ಎಲ್ಲಿದೆ ಎಂಬ ಅರಿವೇ ತಪ್ಪುವ ಸ್ಥಿತಿ ಅದು, ಜಿಮ್ನಾಸ್ಟ್‌ಗಳು ಅದನ್ನು ಟ್ವಿಸ್ಟೀಸ್ ಎನ್ನುತ್ತಾರೆ. ಮುಂದುವರಿಸಿದ್ದರೆ ಕುತ್ತಿಗೆ ಮುರಿಯಬಹುದಿತ್ತು. ಅವರು ಹಿಂದೆ ಸರಿದರು. ಹಲವರು ಹೇಡಿತನ ಎಂದರು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅವರು ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಕ್ರಿಕೆಟಿಗ ಮಾರ್ಕಸ್ ಟ್ರೆಸ್ಕೋಥಿಕ್ ಖಿನ್ನತೆ, ಆತಂಕದಿಂದಾಗಿ 2006ರಲ್ಲಿ ಇಂಗ್ಲೆಂಡ್ ತಂಡದ ಪ್ರವಾಸಗಳನ್ನು ಅರ್ಧಕ್ಕೇ ಬಿಟ್ಟು ಮನೆಗೆ ಮರಳಿದರು. ಅಂತರರಾಷ್ಟ್ರೀಯ ಕ್ರಿಕೆಟ್ ಮುಗಿಯಿತು, ನಿಜ. ಆದರೆ ಕೌಂಟಿ ಕ್ರಿಕೆಟ್ ಅನ್ನು 2019ರವರೆಗೆ, ತಮ್ಮ 43ನೇ ವಯಸ್ಸಿನವರೆಗೆ ಆಡಿದರು.

ಬಾಯಿ ಬಿಡದವರ ಕತೆಯೂ ನಿಮಗೆ ಗೊತ್ತಿರಬೇಕು. ಜರ್ಮನಿಯ ಫುಟ್‌ಬಾಲ್ ಗೋಲ್‌ಕೀಪರ್ ರಾಬರ್ಟ್ ಎಂಕೆ 2009ರ ನವೆಂಬರ್‌ನಲ್ಲಿ, 32ನೇ ವಯಸ್ಸಿನಲ್ಲಿ, ತಾವಾಗಿಯೇ ಜೀವ ಕಳೆದುಕೊಂಡರು. ಖಿನ್ನತೆ ಬಯಲಾದರೆ ದತ್ತು ಮಗಳನ್ನು ಕಿತ್ತುಕೊಳ್ಳಬಹುದು ಎಂಬ ಭಯದಿಂದ ಅದನ್ನು ಮುಚ್ಚಿಟ್ಟಿದ್ದರು ಎಂದು ಮರುದಿನ ಅವರ ಪತ್ನಿ ತಿಳಿಸಿದರು. ಅವರು ಕೊನೆಯವರೆಗೂ ಮೈದಾನಕ್ಕೆ ಇಳಿಯುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಗಟ್ಟಿತನವೇ ಆಗಿತ್ತು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರಲ್ಲಿ ಕ್ರೀಡಾಪಟುಗಳ ಮಾನಸಿಕ ಆರೋಗ್ಯದ ಬಗ್ಗೆ ತಜ್ಞರ ಒಮ್ಮತದ ಹೇಳಿಕೆ ಹೊರತಂದಿತು. ಅದರ ಬೆನ್ನಿಗೇ ವೈದ್ಯರಿಗಾಗಿ ಒಂದು ಪರೀಕ್ಷಾ ಪ್ರಶ್ನಾವಳಿ ಬಂತು, ಕೋಚ್, ಮನೆಯವರು, ಸಹ ಆಟಗಾರರು ಲಕ್ಷಣ ಗುರುತಿಸಲೆಂದು ಇನ್ನೊಂದು ಬಂತು. ಎರಡನೆಯದನ್ನು ತರಿಸಿಕೊಂಡು ಓದಿ. ಬ್ರೇಕ್ ಕೇಳಿದ ಮಗುವಿಗೆ ಮೊದಲು "ಏನಾಯಿತು, ಹೇಳು" ಎನ್ನಿ. ಕೊಡಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ನಿಮ್ಮ ಹತ್ತಿರ ಹೇಳಿದರೆ ತಂಡದಿಂದ ತೆಗೆಯುವುದಿಲ್ಲ ಎಂದು ಗೊತ್ತಾದ ದಿನ, ಸುಳ್ಳು ಹೇಳಿ ಬ್ರೇಕ್ ಕೇಳುವವರೂ ಕಡಿಮೆಯಾಗುತ್ತಾರೆ.

ಮಗಳಿಗೆ 16. ದೂರದ ಓಟಗಾರ್ತಿ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಎಲ್ಲರೆದುರು ತೂಕ ನೋಡುತ್ತಾರಂತೆ. ಊಟಕ್ಕೆ ಕೂತರೆ ಜಗಳ, ಕೇಳಿದರೆ "ನಾನು ಚೆನ್ನಾಗಿದ್ದೀನಮ್ಮ" ಅನ್ನುತ್ತಾಳೆ. ಓಟದ ಹುಡುಗಿಯರಿಗೆ ಇದೆಲ್ಲ ಮಾಮೂಲಿ ಎಂದರು ಅವಳ ಕೋಚ್. — ತಾಯಿ

ಮಾಮೂಲಿ ಅಲ್ಲ, ಅಮ್ಮಾ. ಓಟಗಾರ್ತಿಯರಲ್ಲಿ ಸಾಮಾನ್ಯವಾಗಿ ಕಾಣುತ್ತದೆ ಎಂಬುದು ಬೇರೆ, ಅದು ಸರಿ ಎಂಬುದು ಬೇರೆ.

ಖರ್ಚಾಗುವ ಶಕ್ತಿಗೆ ತಕ್ಕಷ್ಟು ಆಹಾರ ಒಳಗೆ ಹೋಗದಿದ್ದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಮೊದಲು ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಮನಸ್ಸೂ ಬದಲಾಗುತ್ತದೆ: ಸಿಡುಕು, ಕುಗ್ಗುವಿಕೆ, ತೂಕದ ಬಗ್ಗೆಯೇ ಯೋಚನೆ. ಈ ಸ್ಥಿತಿಗೆ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ರೆಡ್ಸ್ ಎಂಬ ಹೆಸರು ಕೊಟ್ಟರು. ಹದಿಹರೆಯದಲ್ಲಿ ಕಟ್ಟಿಕೊಳ್ಳಬೇಕಾದ ಮೂಳೆಯ ಗಟ್ಟಿತನವನ್ನು ಆಮೇಲೆ ಪೂರ್ತಿ ತುಂಬಿಕೊಳ್ಳಲು ಆಗದಿರಬಹುದು, ಆದ್ದರಿಂದ ಮುಂದಿನ ಟೂರ್ನಿ ಮುಗಿಯಲಿ ಎಂದು ಕಾಯಬೇಡಿ. ಇನ್ನು, ಎಲ್ಲರೆದುರು ತೂಕ ನೋಡುವ ಪದ್ಧತಿ ಕ್ರೂರ. ಅದರಿಂದ ಯಾವ ಮಗುವೂ ವೇಗವಾಗಿ ಓಡಿದ್ದನ್ನು ನಾನು ಕಂಡಿಲ್ಲ. ಅದು ನಿಲ್ಲಬೇಕು ಎಂದು ಅವಳ ಕೋಚ್‌ಗೆ ಬರೆದೇ ತಿಳಿಸಿ.

ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ನಾಡಿ, ರಕ್ತದೊತ್ತಡ, ಇಸಿಜಿ, ಕಬ್ಬಿಣಾಂಶ, ಥೈರಾಯ್ಡ್ ಮತ್ತು ಇತರ ಹಾರ್ಮೋನ್‌ಗಳ ಪರೀಕ್ಷೆ ಮೊದಲು, ಬೇಕಾದರೆ ಮೂಳೆಯ ಸಾಂದ್ರತೆಯದ್ದು. ತಲೆ ಸುತ್ತಿ ಬಿದ್ದರೆ, ಎದೆಬಡಿತ ಏರುಪೇರಾದರೆ ಅದೇ ದಿನ ಹೋಗಿ. ಮುಟ್ಟು ಬರಲೆಂದು ಹಾರ್ಮೋನ್ ಮಾತ್ರೆ ಕೊಟ್ಟು ಕಳಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ರಕ್ತಸ್ರಾವವಾಗುತ್ತದೆ, ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ವೈದ್ಯರು, ಆಹಾರತಜ್ಞರು, ಮನಶ್ಶಾಸ್ತ್ರಜ್ಞರು ಮೂವರೂ ಬೇಕು. ಅವಳು ಮತ್ತೆ ಯಾವಾಗ, ಎಷ್ಟು ಓಡಬೇಕು ಎಂಬುದನ್ನು ಅವರೇ ಹೇಳಲಿ.

ಮನೆಯಲ್ಲಿ ತಟ್ಟೆಯ ಮುಂದೆ ವಾದ ಮಾಡಬೇಡಿ, ಮೈಕಟ್ಟಿನ ಮಾತು ಬೇಡ, ಹೊಗಳಿಕೆಯಾಗಿಯೂ ಬೇಡ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ. ಬೇರೆ ಹೊತ್ತಿನಲ್ಲಿ, ಇಬ್ಬರೇ ಇದ್ದಾಗ, "ನಿನಗೆ ಮುಟ್ಟು ನಿಂತಿರುವುದು ನನಗೆ ಹೆದರಿಕೆ ಹುಟ್ಟಿಸಿದೆ, ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ" ಎನ್ನಿ. ಮೊದಲ ಸಲ "ಚೆನ್ನಾಗಿದ್ದೀನಿ" ಎಂದೇ ಹೇಳಬಹುದು. ಅಪಾಯಿಂಟ್‌ಮೆಂಟ್ ಅಷ್ಟರಲ್ಲಿ ತೆಗೆದುಕೊಂಡಿರಿ.