ನಗರ ಯೋಜನೆಯಲ್ಲಿ ಜನ ಪಾಲ್ಗೊಳ್ಳಬೇಕಾದರೆ ಸಾರ್ವಜನಿಕ ಚೌಕ ಹೇಗಿರಬೇಕು?

ಒಂದು ಖಾಲಿ ಚೌಕ ಸಿಕ್ಕಿದೆ, ಅಲ್ಲಿ ವೇದಿಕೆ, ಮೆಟ್ಟಿಲಾಸನ, ದೊಡ್ಡ ಪರದೆ ಹಾಕಿದರೆ ಜನ ಯೋಜನೆಯ ಚರ್ಚೆಗೆ ಬರುತ್ತಾರಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಬರುವುದಿಲ್ಲ. ವೇದಿಕೆ ಕಟ್ಟಿದ ಕೂಡಲೇ ಮೇಲೆ ಮಾತಾಡುವವರು, ಕೆಳಗೆ ಕೇಳುವವರು ಅಂತ ಎರಡು ಪಾಲಾಗುತ್ತದೆ. ಪರದೆಯೂ ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಆ ಜಾಗವನ್ನೂ ಹಣವನ್ನೂ ಒಂದು ಮೇಜಿಗೆ, ಒಂದು ಫಲಕಕ್ಕೆ ಹಾಕಿ ಎನ್ನುವುದು ನನ್ನ ಸಲಹೆ.

ನಕ್ಷೆ ಬರೆಯುವ ಮೊದಲು ಎಣಿಸಿ. ಒಂದು ಕೆಲಸದ ದಿನ, ಒಂದು ರಜಾದಿನ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹದಿನೈದು ಹದಿನೈದು ನಿಮಿಷ ನಿಂತು ಯಾರು ಯಾವ ಕಡೆಯಿಂದ ಹಾದುಹೋಗುತ್ತಾರೆ ಎಂದು ಗುರುತು ಹಾಕಿಕೊಳ್ಳಿ. ಹೆಂಗಸರು, ಮಕ್ಕಳು, ವಯಸ್ಸಾದವರನ್ನು ಬೇರೆ ಬೇರೆಯಾಗಿ ಎಣಿಸಿ. ಮೇಜು ಇರಬೇಕಾದದ್ದು ಆ ಹಾದಿಯ ಪಕ್ಕದಲ್ಲಿ, ಎರಡು ಹೆಜ್ಜೆ ಒಳಗೆ, ನೆರಳಿನಲ್ಲಿ. ಚೌಕದ ನಟ್ಟನಡುವೆ ಇಟ್ಟರೆ ನೋಡಿ ಮುಂದೆ ಹೋಗುವವರೇ ಹೆಚ್ಚು.

ಮೇಜಿನ ಮೇಲೆ ಯೋಜನೆಗೆ ಒಳಪಟ್ಟ ಪ್ರದೇಶದ ಚಿಕ್ಕ ಮಾದರಿ ಇರಲಿ. 1:200 ಅಳತೆ ಒಳ್ಳೆಯದು, ಒಂದು ಸೆಂಟಿಮೀಟರ್ ಎಂದರೆ ಎರಡು ಮೀಟರ್. 240 ಮೀಟರ್ ಉದ್ದ, 160 ಮೀಟರ್ ಅಗಲದ ಪ್ರದೇಶ 120 × 80 ಸೆಂ.ಮೀ. ಮೇಜಿನಲ್ಲಿ ಕೂರುತ್ತದೆ, ಎಲ್ಲ ಕಡೆಯಿಂದಲೂ ಕೈ ಎಟುಕುತ್ತದೆ. ಎತ್ತರ 75 ಸೆಂ.ಮೀ., ಕೆಳಗೆ 70 ಸೆಂ.ಮೀ. ತೆರವು ಬಿಟ್ಟರೆ ಗಾಲಿಕುರ್ಚಿಯವರ ಮೊಣಕಾಲು ಒಳಗೆ ಹೋಗುತ್ತದೆ. ಈಗಿರುವ ಕಟ್ಟಡಗಳನ್ನು ಬೂದು ಬಣ್ಣದಲ್ಲಿ ಅಂಟಿಸಿಬಿಡಿ. ಬದಲಾಗಬಹುದಾದ ಮರ, ಬೆಂಚು, ದಾಟುವ ಪಟ್ಟಿ, ಬಸ್ ತಂಗುದಾಣ ಮಾತ್ರ ಬಣ್ಣದವು, ಬಿಡಿಬಿಡಿ. ನಕ್ಷೆಯ ಅಡಿಗೆ ತೆಳು ಉಕ್ಕಿನ ತಗಡು ಹಾಕಿ ತುಂಡುಗಳಿಗೆ ಆಯಸ್ಕಾಂತ ಕೂರಿಸಿದರೆ ಗಾಳಿಗೆ ಹಾರುವುದಿಲ್ಲ. ಕಳೆದುಹೋಗುವುದಂತೂ ಖಂಡಿತ, ಎರಡು ಪಟ್ಟು ಮಾಡಿಸಿಡಿ. ಹನ್ನೆರಡು ಮೀಟರ್ ಬಸ್ಸು ಇಲ್ಲಿ ಆರು ಸೆಂ.ಮೀ. ಮರದ ತುಂಡು. ಅದನ್ನು ತಳ್ಳಿಕೊಂಡು ಮೂಲೆ ತಿರುಗಿಸಲು ಹೋದವರಿಗೆ ಆ ತಿರುವು ಎಷ್ಟು ಇಕ್ಕಟ್ಟು ಎಂಬುದು ಬೆರಳ ತುದಿಗೇ ಗೊತ್ತಾಗುತ್ತದೆ. ಎಲ್ಲವನ್ನೂ ಚೆಂದವಾಗಿ ಅಂಟಿಸಿದ ಮಾದರಿಯನ್ನು ಜನ ಹೊಗಳಿ ಹೋಗುತ್ತಾರೆ, ಅಷ್ಟೇ.

ಪ್ರತಿ ಸಂಜೆ ಮೇಲಿನಿಂದ, ಒಂದೇ ಜಾಗದಿಂದ ಫೋಟೋ ತೆಗೆದು ತುಂಡುಗಳನ್ನು ಮೊದಲಿದ್ದ ಕಡೆ ಇಡಿ. ಇಲ್ಲದಿದ್ದರೆ ನಿನ್ನೆಯವರು ಇಟ್ಟದ್ದನ್ನೇ ಇವತ್ತಿನವರು ತೀರ್ಮಾನವೆಂದು ತಿಳಿಯುತ್ತಾರೆ.

ಅಗಲದ ವಿಷಯ ಬಂದಾಗ ಮಾದರಿ ಸಾಲದು. ಕಾಲುದಾರಿ 1.2 ಮೀಟರ್ ಸಾಕೇ, 1.8 ಬೇಕೇ ಎಂದು ಕಾಗದದಲ್ಲಿ ಕೇಳಿದರೆ ಯಾರಿಗೂ ಅಂದಾಜು ಸಿಗುವುದಿಲ್ಲ. ಚೌಕದ ನೆಲದಲ್ಲೇ ಎರಡನ್ನೂ ಸುಣ್ಣದ ಪುಡಿಯಲ್ಲಿ ಎಳೆದು, ಚೀಲ ಹಿಡಿದ ಇಬ್ಬರನ್ನು ಎದುರುಬದುರು ನಡೆಸಿ. ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಲು 1.8 ಬೇಕು ಎಂಬುದು ಆಗ ವಾದವಾಗಿ ಉಳಿಯುವುದಿಲ್ಲ. 2009ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಯನ್ನು ಪ್ರಯೋಗಕ್ಕೆಂದು ವಾಹನಗಳಿಗೆ ಮುಚ್ಚಿ, ಅಗ್ಗದ ಮಡಚುವ ಕುರ್ಚಿಗಳನ್ನು ಹಾಕಿದ್ದೂ ಇದೇ ದಾರಿ. ಜನ ಕೂತು ನೋಡಿದರು. ಮರುವರ್ಷ ಅದನ್ನು ಕಾಯಂ ಮಾಡುವ ತೀರ್ಮಾನವಾಯಿತು.

ಇನ್ನು ಪ್ರಶ್ನೆ. “ನಿಮಗೇನು ಬೇಕು?” ಎಂದು ಮಾತ್ರ ಬರೆಯಬೇಡಿ. ಆಗದ್ದೆಲ್ಲ ಪಟ್ಟಿಗೆ ಬರುತ್ತದೆ, ಆಮೇಲೆ ಬೇಸರ. “ರಸ್ತೆಯ ಅಗಲ ಬದಲಾಗದು. ಬಸ್ ತಂಗುದಾಣ ಶಾಲೆಯ ಗೇಟಿನ ಎಡಕ್ಕೋ ಬಲಕ್ಕೋ ಎಂಬುದು ತೀರ್ಮಾನವಾಗಿಲ್ಲ. ಇಂಥವರು, ಇಂಥ ದಿನ ತೀರ್ಮಾನಿಸುತ್ತಾರೆ” ಎಂದು ನೇರವಾಗಿ ಬರೆಯಿರಿ. ಎಲ್ಲರಿಗೂ ಕಾಣುವಂತೆ ಸ್ಟಿಕ್ಕರ್ ಅಂಟಿಸುವ ಪದ್ಧತಿ ಬೇಡ, ಮೊದಲ ಹತ್ತು ಸ್ಟಿಕ್ಕರ್ ಎಲ್ಲಿವೆಯೋ ಮುಂದಿನವೂ ಅಲ್ಲಿಗೇ ಹೋಗುತ್ತವೆ. ಒಳಗು ಕಾಣದ ಡಬ್ಬಿಗೆ ಬಿಲ್ಲೆ ಹಾಕಿಸಿ. ಬರೆಯಲು ಪೆನ್ಸಿಲ್ ಇಡಿ. ಮುಚ್ಚಳ ಹಾಕದ ಮಾರ್ಕರ್ ಒಣಗುತ್ತದೆ, ಶಾಯಿ ಮಳೆಗೆ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಉತ್ತರದ ಫಲಕ. ಅದರಲ್ಲಿ ಮೂರು ಅಂಕಣ: ಜನ ಹೇಳಿದ್ದು, ನಾವು ಮಾಡಿದ್ದು, ಮಾಡದಿದ್ದರೆ ಕಾರಣ. ಮೂರನೆಯ ಅಂಕಣವನ್ನು ಖಾಲಿ ಬಿಡುವುದರಿಂದಲೇ ನಂಬಿಕೆ ಹೋಗುವುದು. “ಕೊಳವೆ ಅಡಿಯಲ್ಲಿದೆ, ಮರ ನೆಡಲಾಗದು” ಎಂಬ ಒಂದು ಸಾಲು ಸಿಕ್ಕಿದರೂ ಹೇಳಿದವರು ಮತ್ತೆ ಬರುತ್ತಾರೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಜನರೇ ಬಜೆಟ್ ಚರ್ಚಿಸುವ ಪದ್ಧತಿ ಶುರುವಾದ ಮೇಲೆ, ಒಪ್ಪಿದ ಕಾಮಗಾರಿಗಳ ಪಟ್ಟಿಯನ್ನು ಅಚ್ಚು ಹಾಕಿ ಪ್ರಕಟಿಸುತ್ತಿದ್ದರು. ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ಯಾರು ಬೇಕಾದರೂ ತಾಳೆ ನೋಡಬಹುದಿತ್ತು. ನಿಮ್ಮ ಫಲಕವೂ ಆ ಕೆಲಸ ಮಾಡಬೇಕು. ಅಕ್ಷರ ಎರಡು ಮೀಟರ್ ದೂರಕ್ಕೆ ಓದಿಸಿಕೊಳ್ಳಲು ಕನಿಷ್ಠ ಒಂದು ಸೆಂ.ಮೀ. ಎತ್ತರವಿರಲಿ, ಪ್ರತಿ ಸಾಲಿಗೂ ತಾರೀಖು ಇರಲಿ.

ಕೂತು ಮಾತಾಡಲು ಎಂಟು ಹತ್ತು ಜನರ ಗುಂಪು ಸಾಕು, ಎತ್ತಿಡಬಹುದಾದ ಕುರ್ಚಿಗಳೇ ಸರಿ. ಬೆಳಕು, ಶೌಚಾಲಯ ಇಲ್ಲದಿದ್ದರೆ ಸಂಜೆ ಹೆಂಗಸರು ನಿಲ್ಲುವುದಿಲ್ಲ. ಮೇಜಿನ ಬಳಿ ನಿಲ್ಲುವವರು ನಕ್ಷೆ ಬರೆದವರೇ ಆಗಿರುವುದು ಬೇಡ, ತಮ್ಮದನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ. ಮಾದರಿಯ ಮುಚ್ಚಳದ ಬೀಗದ ಕೈ ಯಾರ ಹತ್ತಿರ, ದಿನಾ ಎಷ್ಟು ಗಂಟೆಗೆ ತೆಗೆಯಬೇಕು ಎಂಬುದನ್ನು ಮೇಜು ಮಾಡಿಸುವ ಮೊದಲೇ ಒಬ್ಬರ ಹೆಸರಿಗೆ ಬರೆದಿಡಿ.