ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿದ್ದಿದೆ, ಗಾತ್ರವೇ ಕಾರಣವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಂಪನಿಯಿಂದ ಬಂದಿದ್ದ 245/75 ಆರ್ 16 ಟೈರ್ ತೆಗೆಸಿ 285/75 ಆರ್ 16 ಅಳತೆಯ ಮಡ್ ಟೈರ್, ಅಂದರೆ ಕೆಸರು ದಾರಿಯ ಟೈರ್, ಹಾಕಿಸಿದ್ದೀರಿ. ಲೀಟರಿಗೆ 10 ಕಿ.ಮೀ. ಕೊಡುತ್ತಿದ್ದ ಗಾಡಿ ಈಗ 8 ಕೊಡುತ್ತಿದೆ. ಗಾತ್ರವೇ ಕಾರಣವೇ, 17 ಇಂಚಿನ ರಿಮ್ ಹಾಕಿಸಿದರೆ ಸ್ವಲ್ಪವಾದರೂ ಸರಿಹೋದೀತೇ ಎಂದು ಕೇಳಿದ್ದೀರಿ. ಮೈಲೇಜ್ ಬಿದ್ದಿರುವುದು ನಿಜ, ಆದರೆ ನೀವು ಅಂದುಕೊಂಡಷ್ಟು ಬಿದ್ದಿಲ್ಲ. ಬಿದ್ದಿರುವುದರಲ್ಲೂ ಗಾತ್ರಕ್ಕಿಂತ ಟೈರಿನ ಜಾತಿ, ತೂಕ, ಗಾಳಿ ಇವುಗಳ ಪಾಲೇ ಹೆಚ್ಚು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಗಾಡಿಯ ಮೀಟರ್ ರಸ್ತೆಯನ್ನು ಅಳೆಯುವುದಿಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದರ ಮೇಲೆ, ಹಳೆಯ ಟೈರಿನ ಸುತ್ತಳತೆ ಹಿಡಿದು ದೂರ ತೋರಿಸುತ್ತದೆ. ನಿಮ್ಮ ಹಳೆಯ ಟೈರಿನ ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 75, ಅಂದರೆ ಸುಮಾರು 184 ಮಿ.ಮೀ. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ನಡುವೆ 16 ಇಂಚಿನ ಅಂದರೆ 406 ಮಿ.ಮೀ. ರಿಮ್. ಒಟ್ಟು ವ್ಯಾಸ 774 ಮಿ.ಮೀ. ಇದೇ ರೀತಿ ಕೂಡಿದರೆ ಹೊಸ ಟೈರಿನದು 834 ಮಿ.ಮೀ., ಶೇ. 7.75ರಷ್ಟು ಹೆಚ್ಚು. ಮೀಟರ್ 100 ಕಿ.ಮೀ. ತೋರಿಸುವ ಹೊತ್ತಿಗೆ ಗಾಡಿ ಓಡಿರುವುದು ಹತ್ತಿರಹತ್ತಿರ 108. ಮೀಟರನ್ನು ಹೊಸ ಟೈರಿಗೆ ಹೊಂದಿಸಿಲ್ಲವಾದರೆ ನಿಮ್ಮ 8 ನಿಜದಲ್ಲಿ 8.6. ಕಳೆದುಹೋಯಿತು ಅಂದುಕೊಂಡ 2 ಕಿ.ಮೀ.ಯಲ್ಲಿ 0.6 ಎಲ್ಲಿಗೂ ಹೋಗಿಲ್ಲ, ಲೆಕ್ಕಕ್ಕೆ ಸಿಕ್ಕಿಲ್ಲ ಅಷ್ಟೆ. ಉದ್ದದ ಒಂದು ಓಟದಲ್ಲಿ ಫೋನಿನ ಜಿಪಿಎಸ್ ತೋರಿಸುವ ದೂರವನ್ನೂ ಮೀಟರ್ ತೋರಿಸುವ ದೂರವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಂಡರೆ ನಿಮ್ಮ ಗಾಡಿಯ ಸರಿಯಾದ ಗುಣಕ ಸಿಕ್ಕಿಬಿಡುತ್ತದೆ.

ಇದೇ ತಪ್ಪು ಇನ್ನೊಂದು ದಾರಿಯಲ್ಲಿ ನಿಜವಾಗಿಯೂ ಇಂಧನ ಕುಡಿಯುತ್ತದೆ, ಅದನ್ನು ಯಾರೂ ಗಮನಿಸುವುದಿಲ್ಲ. ದೂರದ ಮೀಟರ್‌ನಂತೆ ವೇಗದ ಮೀಟರ್ ಕೂಡ ಕಡಿಮೆ ತೋರಿಸುತ್ತಿದೆ. ಹೈವೇಯಲ್ಲಿ ಮೊದಲಿನ ಹಾಗೆಯೇ ಮುಳ್ಳನ್ನು 80ಕ್ಕೆ ನಿಲ್ಲಿಸಿಕೊಂಡು ಹೋಗುತ್ತಿದ್ದೀರಿ ಅಂದರೆ, ಈಗ ಹೋಗುತ್ತಿರುವುದು ಮೊದಲಿನ 86ರ ವೇಗದಲ್ಲಿ. ಎದುರು ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಅದು ಶೇ. 16ರಷ್ಟು ಹೆಚ್ಚಾಗಿರುತ್ತದೆ. ಪೆಟ್ಟಿಗೆಯಂಥ ಗಾಡಿಗೆ ಹೈವೇಯಲ್ಲಿ ಇದು ಸಣ್ಣ ಹೊರೆಯಲ್ಲ. ಮುಳ್ಳನ್ನು 74ರ ಆಸುಪಾಸಿನಲ್ಲಿ ಇಟ್ಟು ಒಂದು ಟ್ಯಾಂಕ್ ಓಡಿಸಿ ನೋಡಿ. ಹಳೆಯ ಟೈರಿನ 80ಕ್ಕೆ ಹೊಸ ಟೈರಿನ 74 ಸಮ. ಟೈರಿನ ಜೊತೆ ಗಾಡಿಯನ್ನೂ ಎತ್ತರಿಸಿದ್ದರೆ, ಗಾಳಿಗೆ ಒಡ್ಡಿಕೊಳ್ಳುವ ಭಾಗ ಇನ್ನಷ್ಟು ಹೆಚ್ಚಾಗಿರುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ.

ಈಗ ಟೈರಿಗೇ ಬರೋಣ. ಟೈರ್ ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೇರಿದಾಗ ಮತ್ತೆ ಹಿಗ್ಗುತ್ತದೆ. ಪ್ರತಿ ಸುತ್ತಿನಲ್ಲೂ ರಬ್ಬರ್ ಹೀಗೆ ಬಾಗಿ ಏಳುವಾಗ ಹಾಕಿದ ಶಕ್ತಿಯಷ್ಟೂ ವಾಪಸು ಬರುವುದಿಲ್ಲ, ಒಂದು ಪಾಲು ಶಾಖವಾಗಿ ಹೋಗುತ್ತದೆ. ಉರುಳುವಿಕೆಯ ತಡೆ ಅನ್ನುವುದರ ಬಹುಪಾಲು ಇದೇ. ಬೇರೆಲ್ಲ ಒಂದೇ ಇದ್ದರೆ ದೊಡ್ಡ ವ್ಯಾಸದ ಟೈರ್ ಸುಲಭವಾಗಿ ಉರುಳುತ್ತದೆಯೇ ಹೊರತು ಕಷ್ಟದಿಂದಲ್ಲ. ಆದರೆ ಬೇರೆಲ್ಲ ಒಂದೇ ಇರುವುದಿಲ್ಲವಲ್ಲ! ಮಡ್ ಟೈರಿನ ದಪ್ಪ ದಪ್ಪ ಗುಬಟುಗಳು, ಆಳದ ಕಾಲುವೆಗಳು, ಕಲ್ಲು ತಾಗಿದರೂ ಸೀಳದ ಹಾಗೆ ಕಟ್ಟಿದ ಪದರಗಳು, ಎಲ್ಲ ಸೇರಿ ಬಾಗುವ ರಬ್ಬರ್ ಹೆಚ್ಚು, ಕಳೆಯುವ ಶಾಖವೂ ಹೆಚ್ಚು. ಉರುಳುವ ತಡೆ ಶೇ. 10 ಕಡಿಮೆಯಾದರೆ ಮೈಲೇಜ್ ಶೇ. 1ರಿಂದ 2ರಷ್ಟು ಏರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2006ರ ವರದಿ ಹೇಳಿತ್ತು. ಅದು ಕಾರುಗಳ ಟೈರಿನ ಮಾತು, ಆದರೂ ಅಂದಾಜಿಗೆ ಸಾಕು. ಹೈವೇ ಟೈರಿನಿಂದ ಮಡ್ ಟೈರಿಗೆ ಹಾರಿದಾಗ ಈ ತಡೆ ಏರುವುದು ಶೇ. 10ರಲ್ಲಿ ನಿಲ್ಲುವುದಿಲ್ಲ.

ತೂಕದ ಬಗ್ಗೆ ಜನ ಸ್ವಲ್ಪ ಹೆಚ್ಚೇ ಹೆದರುತ್ತಾರೆ. ಇಷ್ಟು ಗಾತ್ರ ಏರಿಸಿದಾಗ ಟೈರಿಗೆ 8–10 ಕಿಲೋ ಹೆಚ್ಚಾಗುವುದು ಸಾಮಾನ್ಯ, ನಾಲ್ಕಕ್ಕೆ 40 ಕಿಲೋ ಅನ್ನಿ. ತಿರುಗುವ ತೂಕ ಅಂಚಿನಲ್ಲಿರುವುದರಿಂದ ವೇಗ ಹೆಚ್ಚಿಸುವಾಗ ಎಂಜಿನ್ನಿಗೆ ಅದು ಹತ್ತಿರಹತ್ತಿರ ದುಪ್ಪಟ್ಟಾಗಿ ಕಾಣುತ್ತದೆ. ಒಬ್ಬ ದಪ್ಪನೆಯ ಮನುಷ್ಯನನ್ನು ಸದಾ ಹಿಂದೆ ಕೂರಿಸಿಕೊಂಡ ಹಾಗೆ. ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ಇದು ಇಂಧನ ತಿನ್ನುತ್ತದೆ, ಒಂದೇ ವೇಗದ ಓಟದಲ್ಲಿ ಇದರ ಪಾಲು ಬಲು ಕಡಿಮೆ. ಪಿಕಪ್ ಕಡಿಮೆಯಾಯಿತು ಅನ್ನಿಸುವುದಕ್ಕೆ ತೂಕದಷ್ಟೇ ಗೇರಿಂಗ್ ಕೂಡ ಕಾರಣ. ನಿಮ್ಮ ಆ್ಯಕ್ಸಲ್ಲಿನ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್ ಬಾಕ್ಸಿನಿಂದ ಬರುವ ದಂಡ ತಿರುಗಬೇಕಾದ ಸುತ್ತು, 4.10 ಎಂದುಕೊಳ್ಳಿ, ಹೊಸ ಟೈರಿನಲ್ಲಿ ಅದು 3.80 ಇದ್ದ ಹಾಗೆ ವರ್ತಿಸುತ್ತದೆ. ಸಪಾಟು ರಸ್ತೆಯಲ್ಲಿ ಎಂಜಿನ್ ನಿಧಾನ ತಿರುಗುವುದರಿಂದ, ಪೆಟ್ರೋಲ್ ಗಾಡಿಗಂತೂ, ಒಂದಿಷ್ಟು ಉಳಿತಾಯವೂ ಆಗಬಹುದು. ಏರು ಬಂದ ಕೂಡಲೇ ಗೇರ್ ಇಳಿಸಬೇಕಾಗಿ ಬಂದು ಆ ಉಳಿತಾಯ ಹೋಗಿಬಿಡುತ್ತದೆ. ಟಾಪ್ ಗೇರ್ ಬಳಸಲು ಆಗುತ್ತಲೇ ಇಲ್ಲ ಅನ್ನುವ ಸ್ಥಿತಿ ಇದ್ದರೆ ಮಾತ್ರ ಆ್ಯಕ್ಸಲ್ ಗೇರ್ ಬದಲಿಸುವ ಯೋಚನೆ ಮಾಡಿ, ಇಂಧನ ಉಳಿಸುವ ಒಂದೇ ಕಾರಣಕ್ಕೆ ಆ ಖರ್ಚಿಗೆ ಇಳಿಯಬೇಡಿ.

ದುಡ್ಡಿಲ್ಲದೆ ಇವತ್ತೇ ಮಾಡಬಹುದಾದದ್ದು ಗಾಳಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡ ಹಳೆಯ ಟೈರಿಗಾಗಿ ಬರೆದದ್ದು. ಲೈಟ್ ಟ್ರಕ್ ದರ್ಜೆಯ ಗಟ್ಟಿ ಟೈರ್ ಅದೇ ಭಾರ ಹೊರಲು ಸಾಮಾನ್ಯವಾಗಿ ಹೆಚ್ಚು ಗಾಳಿ ಕೇಳುತ್ತದೆ. ಟೈರ್ ತಯಾರಕರ ಭಾರ–ಒತ್ತಡದ ಪಟ್ಟಿ ನೋಡಿ, ಟೈರ್ ತಣ್ಣಗಿರುವಾಗ ತುಂಬಿಸಿ. ಆಮೇಲೆ ಟೈರಿನ ಮೇಲೆ ಅಡ್ಡಡ್ಡಲಾಗಿ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದು, ಸಮನಾದ ನೆಲದಲ್ಲಿ ಸ್ವಲ್ಪ ದೂರ ನೇರವಾಗಿ ಓಡಿಸಿ ಇಳಿದು ನೋಡಿ. ಎರಡೂ ಅಂಚಿನಲ್ಲಿ ಸುಣ್ಣ ಅಳಿಸಿ ನಡುವೆ ಉಳಿದಿದ್ದರೆ ಗಾಳಿ ಕಡಿಮೆ. ನಡುವೆ ಮಾತ್ರ ಅಳಿಸಿದ್ದರೆ ಹೆಚ್ಚು. ನಾಲ್ಕೂ ಟೈರಿನಲ್ಲಿ ಗಾಳಿಯ ಒತ್ತಡ ಒಂದೊಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇ. 0.2 ಇಳಿಯುತ್ತದೆ ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಹತ್ತು ಪಿಎಸ್‌ಐ ಕಡಿಮೆ ಇಟ್ಟು ತಿರುಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಮರಳಿಗೆ ಇಳಿದರೆ ಇದೇ ನಿಯಮ ತಲೆಕೆಳಗಾಗುತ್ತದೆ, ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು. ಗಟ್ಟಿಯಾಗಿ ಗಾಳಿ ತುಂಬಿದ ಟೈರ್ ಮರಳಲ್ಲಿ ಹೂತುಕೊಳ್ಳುತ್ತದೆ. ಹೂತ ಚಕ್ರದ ಮುಂದೆ ಸದಾ ಒಂದು ಪುಟ್ಟ ದಿಬ್ಬ ಇರುತ್ತದೆ, ಗಾಡಿ ಸಪಾಟು ಬಯಲಿನಲ್ಲೂ ಆ ದಿಬ್ಬವನ್ನು ಏರುತ್ತಲೇ ಇರಬೇಕು. ಗಾಳಿಯನ್ನು 15–18 ಪಿಎಸ್‌ಐಗೆ ಇಳಿಸಿದರೆ ಟೈರಿನ ಹೆಜ್ಜೆ ಅಗಲಕ್ಕಿಂತ ಉದ್ದಕ್ಕೆ ಬೆಳೆಯುತ್ತದೆ, ಚಕ್ರ ಮರಳಿನ ಮೇಲೆ ತೇಲುತ್ತದೆ. ಅಲ್ಲಿಯವರೆಗೆ ಕೆಳಗಿನ ಗೇರಿನಲ್ಲಿ ಒದ್ದಾಡುತ್ತಿದ್ದ ಎಂಜಿನ್ನಿನ ದನಿ ಇಳಿಯುವುದು ಸೀಟಿನಲ್ಲಿ ಕೂತೇ ತಿಳಿಯುತ್ತದೆ. ರಬ್ಬರ್ ಬಾಗುವುದರಲ್ಲಿ ಹೋಗುವುದಕ್ಕಿಂತ ಎಷ್ಟೋ ಪಟ್ಟು ಮರಳು ತಳ್ಳುವುದರಲ್ಲಿ ಉಳಿಯುತ್ತದೆ. ಡಾಂಬರಿಗೆ ಬಂದ ತಕ್ಷಣ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರ್ ಕಾದು ಹಾಳಾಗುತ್ತದೆ. ಪುಟ್ಟದೊಂದು ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ರಿಮ್ ಬಗ್ಗೆ: 285/70 ಆರ್ 17 ಹಾಕಿಸಿದರೆ ವ್ಯಾಸ 831 ಮಿ.ಮೀ., ಈಗಿನದಕ್ಕೂ ಅದಕ್ಕೂ 3 ಮಿ.ಮೀ. ವ್ಯತ್ಯಾಸ. ಗೇರಿಂಗ್ ಬದಲಾಗುವುದಿಲ್ಲ, ಎದುರು ಗಾಳಿಯೂ ಬದಲಾಗುವುದಿಲ್ಲ. ಪಕ್ಕದ ಗೋಡೆ ಮಾತ್ರ 14 ಮಿ.ಮೀ. ಕುಗ್ಗಿ, ಗಾಳಿ ಇಳಿಸಿ ಓಡಿಸಲು ಸಿಗುತ್ತಿದ್ದ ಅವಕಾಶ ಕಡಿಮೆಯಾಗುತ್ತದೆ. ಚಕ್ರ ಹೊರಕ್ಕೆ ಚಾಚುವಂಥ ರಿಮ್ ಆದರಂತೂ ಗಾಳಿಯ ತಡೆ ಇನ್ನೂ ಹೆಚ್ಚು. ಬೇಡ.

ಈ ಟೈರ್ ಸವೆದ ಮೇಲೆ ನಾನಾದರೆ 235/85 ಆರ್ 16 ಅಳತೆಯಲ್ಲಿ, ಡಾಂಬರು ಕಚ್ಚಾ ದಾರಿ ಎರಡಕ್ಕೂ ಆಗುವ ಆಲ್ ಟೆರೇನ್ ಟೈರ್ ತೆಗೆದುಕೊಳ್ಳುತ್ತಿದ್ದೆ. ವ್ಯಾಸ 806 ಮಿ.ಮೀ., ಮೂಲ ಟೈರಿಗಿಂತ ಎತ್ತರ, ಆದರೆ 10 ಮಿ.ಮೀ. ಕಿರಿದು. ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧ ಮಾತ್ರ ನೆಲದಿಂದ ಎತ್ತರವಾಗಿ ಸಿಗುತ್ತದೆ. ಈಗಿನ ಟೈರ್ ಕೊಟ್ಟಿರುವುದು 30 ಮಿ.ಮೀ., ಇದು ಕೊಡುವುದು 16. ಆ 14 ಮಿ.ಮೀ. ನಿಮಗೆ ನಿಜವಾಗಿ ಬೇಕಾಗುವಂಥ ಬಂಡೆ ದಾರಿಗಳಲ್ಲಿ ಆಗಾಗ ಓಡಾಡುವವರಾದರೆ ಈಗಿನದೇ ಇರಲಿ. ಯಾವುದನ್ನು ಕೊಂಡರೂ ಭಾರ ಹೊರುವ ಅಂಕ ಮೂಲ ಟೈರಿಗಿಂತ ಕಡಿಮೆ ಇರಬಾರದು, ಸ್ಟೆಪ್ನಿಯೂ ಸೇರಿ ಐದೂ ಒಂದೇ ಅಳತೆಯದಾಗಿರಬೇಕು. ಫೋರ್ ವೀಲ್‌ನಲ್ಲಿ ಬೇರೆ ವ್ಯಾಸದ ಒಂದು ಟೈರ್ ಓಡಿಸಿದರೆ ಪೆಟ್ಟು ಬೀಳುವುದು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೆ.